ಅಂಬಿಗ ಏಳುವ ತನಕ

ಹೋದ ವಾರ ಸೇಲಂನಿಂದ ನಮ್ಮ ಮಾವ ಬಸ್ಸಿಗೆ ಹಾಕಿ ಕಳಿಸಿದ ರಟ್ಟಿನ ಪೆಟ್ಟಿಗೆ ಬಿಚ್ಚಿದರೆ ಮೇಲೆಯೇ ಒಂದು ಹಳೇ ಮೌಸ್ ಕೂತಿತ್ತು. ಈಗಿನವಕ್ಕೆ ಹೊಟ್ಟೆಯಲ್ಲಿ ಕೆಂಪು ದೀಪ ಇರುತ್ತದೆ. ಇದಕ್ಕೆ ರಬ್ಬರಿನ ಗುಂಡು. ಮಗುಚಿ, ಅಡಿಯ ಮುಚ್ಚಳ ತಿರುಗಿಸಿ, ಗುಂಡನ್ನು ಅಂಗೈಗೆ ಬೀಳಿಸಿಕೊಂಡು ಮೂಗಿನ ಹತ್ತಿರ ಹಿಡಿದೆ. ಧೂಳು, ರಬ್ಬರು, ಯಾರು ಯಾರದೋ ಕೈಬೆವರು. ಅದರ ಜೊತೆಗೆ ಕುರಿ ಉಣ್ಣೆಯ ವಾಸನೆಯೂ ಬಂತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಕಂಪ್ಯೂಟರಿಗೂ ಕುರಿಗೂ ಎಲ್ಲಿಂದೆಲ್ಲಿಯ ನಂಟು ಅಂತೀರಾ? ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ಎದುರಿಗೆ ಕೂತಿದ್ದ ನನ್ನ ಮಗಳು ತೇನ್‌ಮೊಳಿ ಮೂಗು ಮುರಿದಳು. “ಎನ್ನಮ್ಮಾ ಇದು? ಕುಪ್ಪೈ!” ಅಂದಳು. ಕಸವಂತೆ. ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿ ರಜೆಯಲ್ಲಿ ನನ್ನ ಅಂಗಡಿಗೆ ಬಂದು ಕೂರುತ್ತಾಳೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಅರ್ಥ ಎಲ್ಲವೂ ಆಗುತ್ತದೆ, ಬೈದರೆ ಇನ್ನೂ ಚೆನ್ನಾಗಿ ಆಗುತ್ತದೆ. ಆದರೆ ಕನ್ನಡ ಮಾತಾಡಿದರೆ ಸ್ನೇಹಿತೆಯರು ಕಾಡಿನಿಂದ ಬಂದವಳು ಅಂತಾರೆ ಅಂತ ಐದನೇ ಕ್ಲಾಸಿನಲ್ಲೇ ಬಾಯಿಗೆ ಬೀಗ ಹಾಕಿಕೊಂಡಳು. ನಾನೂ ಹಟಮಾರಿ. ಅವಳು ತಮಿಳಿನಲ್ಲೇ ಹೇಳಲಿ, ನಾನು ಕನ್ನಡದಲ್ಲೇ ಕೇಳುತ್ತೇನೆ ಅಂತ ಐದು ವರ್ಷದಿಂದ ನಡೆಸಿಕೊಂಡು ಬಂದಿದ್ದೇನೆ.

ಮೌಸಿನ ಕೆಳಗೆ ಒಂದು ಸಿ.ಡಿ. ಇತ್ತು. ಮೇಲೆ ಮಾವನ ಕೈಬರಹದಲ್ಲಿ ತಮಿಳಿನಲ್ಲಿ ಬರೆದಿತ್ತು: ‘ಗೇಮ್. ತೊಡಾದೇ.’ ಮುಟ್ಟಬೇಡ ಅಂತ. ಅದನ್ನು ಓದಿ ನನಗೆ ನಗು ಬಂತು, ಆಮೇಲೆ ಇನ್ನೊಂದು ಸಲ ಓದಿದೆ. ಆ ಎರಡು ಪದ ಬರೆಸಿದ್ದು ನಮ್ಮ ದೊಡ್ಡಪ್ಪ. ಇಪ್ಪತ್ತೈದು ವರ್ಷದಿಂದ ಆ ಸಿ.ಡಿ. ಕಳೆದೇಹೋಯಿತು ಅಂದುಕೊಂಡಿದ್ದೆ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ನೀವು ಹುಬ್ಬು ಹಾರಿಸುವುದು ಬೇಡ. ನನಗೆ ನಲವತ್ತೆರಡು ವರ್ಷ. ತಮಿಳುನಾಡಿನ ಪಾಲಕೋಡಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಆಧಾರ್, ಪಟ್ಟಾ, ಪಿಂಚಣಿ, ಕಾಲೇಜು ಅರ್ಜಿ, ಏನು ಬೇಕಾದರೂ ಆನ್‌ಲೈನಿನಲ್ಲಿ ಹಾಕಿಕೊಡುತ್ತೇನೆ. ಮಧ್ಯಾಹ್ನ ಊಟದ ಹೊತ್ತಿಗೆ ಜನ ಕಡಿಮೆ. ಆಗ ನಾನು ಕಂಪ್ಯೂಟರ್ ಗೇಮ್ ಆಡುತ್ತೇನೆ. ನಮ್ಮ ನಾದಿನಿ ಒಮ್ಮೆ ಬಂದು ನೋಡಿ, “ಮಗಳ ಮದ್ವೆ ಮಾಡೋ ವಯಸ್ನಲ್ಲಿ ಇದೇನು ಅತ್ಗೆ?” ಅಂದಳು. “ಆಡ್ತೀನಿ. ಏನಿವಾಗ?” ಅಂದೆ. ಈ ಮಾತು ನನ್ನದಲ್ಲ, ಬಳುವಳಿಯಾಗಿ ಬಂದದ್ದು. ಯಾರಿಂದ ಅಂತ ಮುಂದೆ ಗೊತ್ತಾಗುತ್ತದೆ.

ಎಲ್ಲ ಗೇಮೂ ಆಡುವವಳಲ್ಲ ನಾನು. ಗುಂಡು ಹಾರಿಸುವುದು, ಕಾರು ಓಡಿಸುವುದು, ಮೈಮೇಲೆ ಬಿದ್ದು ಒದೆಯುವುದು ನನಗಾಗದು. ನನಗೆ ಬೇಕಾದವು ತೊಂಬತ್ತರ ದಶಕದಲ್ಲಿ ಬರುತ್ತಿದ್ದವಲ್ಲ, ಮೌಸಿನಲ್ಲಿ ತೋರಿಸಿ ತೋರಿಸಿ ಒತ್ತುವ ಆಟಗಳು, ಅವು. ಪರದೆಯ ಮೇಲೆ ಒಂದು ಚಿತ್ರ. ಒಂದು ಮನೆಯೋ ಸಂತೆಯೋ ಹಡಗೋ. ಕೆಳಗೆ ನಾಲ್ಕು ಪದ: ನೋಡು, ತಗೋ, ಮಾತಾಡು, ಬಳಸು. ಅಷ್ಟೇ ಬಂಡವಾಳ. ಒಂದು ಆಟದಲ್ಲಿ ಕಂಡಕ್ಟರನ ಕನ್ನಡಕ ಹುಡುಕಿ ಕೊಡುವ ತನಕ ರೈಲೇ ಹೊರಡುವುದಿಲ್ಲ. ಇನ್ನೊಂದರಲ್ಲಿ ಒಂದು ಹೋಟೆಲು, ಅದರ ಲಿಫ್ಟು ಎರಡು ಮಹಡಿಯ ನಡುವೆ ನಿಂತುಬಿಟ್ಟಿದೆ, ಒಳಗಿರುವ ಅಡಿಗೆಯವನಿಗೆ ಮಾತ್ರ ಗುಟ್ಟು ಗೊತ್ತು. ಇವುಗಳಲ್ಲಿ ಯಾರೂ ನಿಮ್ಮನ್ನು ಅಟ್ಟಿಸಿಕೊಂಡು ಬರುವುದಿಲ್ಲ. ಒಲೆ ಮೇಲೆ ಅನ್ನಕ್ಕಿಟ್ಟು ಬಂದರೂ ಆಟ ಇದ್ದಲ್ಲೇ ಇರುತ್ತದೆ. ಹೆಂಗಸರಿಗೆ ಹೇಳಿ ಮಾಡಿಸಿದ ಹಾಗಿರುವ ಈ ಆಟಗಳನ್ನು ಗಂಡುಹುಡುಗರು ಮಾತ್ರ ಯಾಕೆ ಆಡಿದರೋ ನನಗಂತೂ ತಿಳಿಯದು.

ನಾನು ಕಲಿತದ್ದು ಮಾವನ ಸೆಂಟರಿನಲ್ಲಿ. ಮಾವ ಅಂದರೆ ನನ್ನ ತಾಯಿಯ ತಮ್ಮ. ಆಗ ಪಾಲಕೋಡಿನ ಮಹಡಿಯೊಂದರಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದವನು ಮೂರು ಕಂಪ್ಯೂಟರ್ ತಂದು ಹಾಕಿ ‘ಕಂಪ್ಯೂಟರ್ ಸೆಂಟರ್’ ಅಂತ ಬೋರ್ಡು ಬರೆಸಿದ್ದ. ನಮ್ಮೂರು ಅಲ್ಲಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಕುರಿ ಸಾಕುವ ಮನೆ, ಒಂದಿಷ್ಟು ಒಣ ಹೊಲ. ಮನೆಮಾತು ಕನ್ನಡ, ಶಾಲೆಯಲ್ಲಿ ಓದಿದ್ದು ತಮಿಳು. ಹನ್ನೆರಡನೇ ಕ್ಲಾಸು ಮುಗಿಸಿದ ಮೇಲೆ ನಾನು ಕಂಪ್ಯೂಟರ್ ಕಲಿಯುತ್ತೇನೆ ಅಂದಾಗ, ಮನೆಯ ಯಜಮಾನಿಕೆ ನಡೆಸುತ್ತಿದ್ದ ದೊಡ್ಡಪ್ಪ ಒಂದೇ ಮಾತು ಅಂದ: “ವಯಸ್ಸಿಗ್ ಬಂದ ಉಡ್ಗಿ ಒಬ್ಳೇ ಬಸ್ಸತ್ತಾಕಿಲ್ಲ.” ಆಗ ಅಜ್ಜಿ, ಅಂದರೆ ದೊಡ್ಡಪ್ಪನ ತಾಯಿ, ಕಂಬಳಿ ಕೊಡವಿಕೊಂಡು ಎದ್ದಳು. “ನಾನ್ ಓಗ್ತೀನಿ ಜೊತೇಲಿ.” ಅಲ್ಲಿಗೆ ಮಾತು ಮುಗಿಯಿತು.

ಸೆಂಟರಿನ ಬಾಗಿಲಲ್ಲಿ ‘ಚಪ್ಪಲಿ ಹೊರಗೆ ಬಿಡಿ’ ಅಂತ ಬರೆದಿತ್ತು. ಆ ಕಾಲದಲ್ಲಿ ಕಂಪ್ಯೂಟರಿಗೆ ಧೂಳು ಆಗದು ಅನ್ನುತ್ತಿದ್ದರು. ಅಜ್ಜಿ ಎಕ್ಕಡ ಬಿಟ್ಟು, ಕಾಲು ತೊಳೆಯಲು ನೀರು ಎಲ್ಲಿ ಅಂತ ಕೇಳಿದಳು. ಒಳಗೆ ತಣ್ಣಗೆ ಎ.ಸಿ. ಅವಳು ಕಂಬಳಿ ಹೊದ್ದು ನನ್ನ ಹಿಂದೆ ಒಂದು ಮರದ ಸ್ಟೂಲಿನ ಮೇಲೆ ಕೂತಳು. ಆ ಕಂಬಳಿಯ ವಾಸನೆ ಆ ತಂಪಿನಲ್ಲಿ ಇಡೀ ಕೋಣೆಗೆ ಹರಡಿತು. ಪಕ್ಕದ ಕಂಪ್ಯೂಟರಿನಲ್ಲಿದ್ದ ಹುಡುಗರು ಮೂಗು ಮುಚ್ಚಿಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಈಗ ನೆನೆಸಿಕೊಂಡರೆ ಆ ನಾಚಿಕೆಗೇ ನಾಚಿಕೆಯಾಗುತ್ತದೆ.

ಒಂದು ತಿಂಗಳು ಅವಳು ನನ್ನ ಟೈಪಿಂಗನ್ನು ನೋಡಿದಳು. ‘ಎ ಎಸ್ ಡಿ ಎಫ್’ ನೋಡಿ ನೋಡಿ ತೂಕಡಿಸುತ್ತಿದ್ದಳು. ಒಂದು ದಿನ ಮಾವ ಊಟಕ್ಕೆ ಹೋದಾಗ, ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದಿದ್ದ ಸಿ.ಡಿ.ಯೊಂದರಿಂದ ಮಾವ ತೆಗೆದಿಟ್ಟಿದ್ದ ನಕಲನ್ನು ನಾನು ಕದ್ದು ಹಾಕಿದೆ. ಪರದೆಯ ಮೇಲೆ ಮಂಜು, ಒಂದು ನದಿ. ಹಳದಿ ಅಂಗಿಯ ಒಂದು ಹುಡುಗಿ ತಪ್ಪು ದಡದಲ್ಲಿ ಇಳಿದು ನಿಂತಿದ್ದಾಳೆ. ಅವಳ ಮನೆ ಆಚೆ ದಡದಲ್ಲಿದೆ. ಅಜ್ಜಿಯ ತೂಕಡಿಕೆ ಹಾರಿತು.

“ಯಾರ್ಲೇ ಆ ಉಡ್ಗಿ?”

“ಗೇಮು ಅಜ್ಜಿ. ಅವ್ಳು ಮನೆಗೆ ಓಗ್ಬೇಕು. ನಾವು ದಾರಿ ಉಡುಕ್ಬೇಕು.”

“ಮತ್ತೆ ಉಡುಕು. ಯಾನ್ ನೋಡ್ತಾ ಕೂತಿದೀಯ? ಕತ್ಲಾಯ್ತದೆ ಅಲ್ಲಿ.”

ಅಂದಿನಿಂದ ಅರ್ಧ ಗಂಟೆ ಪಾಠ, ಅರ್ಧ ಗಂಟೆ ಆ ಹುಡುಗಿ. ಇಂಗ್ಲಿಷಿನಲ್ಲಿ ಬಂದದ್ದನ್ನು ನಾನು ತಮಿಳಿನಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ಮಾವನಿಗೆ ಗೊತ್ತಾಯಿತು, ಆದರೆ ಅಕ್ಕನ ಅತ್ತೆಯನ್ನು ಎದುರು ಹಾಕಿಕೊಳ್ಳುವ ಧೈರ್ಯ ಅವನಿಗಿರಲಿಲ್ಲ. “ಏನತ್ತೆ, ಇವತ್ತು ಎಲ್ಲೀ ತನಕ ಬಂದ್ರಿ?” ಅಂತ ಅವನೇ ವಿಚಾರಿಸುತ್ತಿದ್ದ.

ತೊಂದರೆ ಶುರುವಾದದ್ದು ‘ತಗೋ’ ಅನ್ನುವ ಪದದಿಂದ. ಈ ಆಟಗಳನ್ನು ಆಡಿದವರಿಗೆ ಗೊತ್ತು, ಕಣ್ಣಿಗೆ ಕಂಡದ್ದನ್ನೆಲ್ಲ ಬಾಚಿ ಜೇಬಿಗೆ ತುಂಬಿಕೊಳ್ಳಬೇಕು. ಯಾರದೋ ಅಡಿಗೆಮನೆಯ ಚಾಕು, ಯಾರದೋ ಅಂಗಳದ ಹಗ್ಗ. ನಾನು ಮೀನುಗಾರನ ಮನೆಯಲ್ಲಿ ಹಗ್ಗದ ಮೇಲೆ ಒತ್ತಿದ ಕೂಡಲೇ ಹಿಂದಿನಿಂದ ತಲೆಗೆ ಒಂದು ಮೊಟಕು ಬಿತ್ತು. “ಕೇಳ್ದೆ ಎತ್ಕಂತಾಳಾ? ಯಾರ್ ಮಗ್ಳು ಅವ್ಳು? ವಾಪಸ್ ಇಡು!” ವಾಪಸ್ಸು ಇಡಲು ಆ ಆಟದಲ್ಲಿ ದಾರಿಯೇ ಇಲ್ಲ. ಅಜ್ಜಿ ಒಪ್ಪಲಿಲ್ಲ. ಮೊದಲಿನಿಂದ ಆಡಬೇಕಾಯಿತು. ಅಲ್ಲಿಂದ ನಮ್ಮ ಕಾಯಿದೆ ಅದೇ: ಮೊದಲು ‘ಮಾತಾಡು’, ಆಮೇಲೆ ‘ತಗೋ’. ಒಂದು ಹಗ್ಗಕ್ಕಾಗಿ ಆ ಮೀನುಗಾರನನ್ನು ಏಳು ಸಲ ಮಾತಾಡಿಸಿದೆವು. ಏಳನೆಯ ಸಲ ಅವನು ತಾನೇ, ಹೀಗೇ ಮಾತಿನ ನಡುವೆ, ಆ ಹಗ್ಗ ಬೇಕಾದರೆ ಒಯ್ಯಿ ಅಂದ. ಅಜ್ಜಿ ಸ್ಟೂಲಿನ ಮೇಲೆ ನೆಟ್ಟಗೆ ಕೂತು ಎ.ಸಿ. ಕೋಣೆಗೆಲ್ಲ ಕೇಳುವಂತೆ ಹೇಳಿದಳು: “ನೋಡ್ದಾ? ಒಳ್ಳೆ ಮನ್ಸ.”

ಕುರಿಗಳ ಗುಡ್ಡದ ಕತೆ ಹೇಳದಿದ್ದರೆ ಅಜ್ಜಿ ನನ್ನನ್ನು ಕ್ಷಮಿಸುವುದಿಲ್ಲ. ಅಲ್ಲಿ ಒಬ್ಬಳು ಕುರುಡಿ ಮುದುಕಿ. ಅವಳ ಕುರಿಗಳೆಲ್ಲ ದೊಡ್ಡಿಗೆ ಬಂದವೋ ಇಲ್ಲವೋ ಹೇಳಿದರೆ ಕಂದೀಲು ಕೊಡುತ್ತಾಳೆ. ನಾನು ಬೆರಳು ತೋರಿಸಿ ಒಂದು, ಎರಡು ಅಂತ ಶುರು ಮಾಡಿದೆ. ಅಜ್ಜಿ ನನ್ನ ಬೆರಳು ಹಿಡಿದು ಮಡಚಿದಳು. ನಮ್ಮ ಮನೆಯಲ್ಲಿ ಜೀವದ ಕುರಿಯನ್ನು ಬೆರಳು ಮಾಡಿ ಎಣಿಸುವುದಿಲ್ಲ. ಸಂಜೆ ದೊಡ್ಡಿಯ ಬಾಯಿಗೆ ನಿಂತು ಒಂದು ಸಲ ಕಣ್ಣು ಹಾಯಿಸಿದರೆ ತುಂಬಿದೆಯೋ ಇಲ್ಲವೋ ತಿಳಿಯಬೇಕು, ತಿಳಿಯದವರು ಕುರಿ ಸಾಕಬಾರದು. “ಎಣಿಸ್ದೆ ಎಂಗಜ್ಜಿ?” ಅಂದೆ. ಅವಳು ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ಅಕ್ಕಿಕಾಳಿನಷ್ಟು ಗಾತ್ರದ ಆ ಬಿಳಿ ಚುಕ್ಕೆಗಳನ್ನು ನೋಡಿದಳು. “ಆ ಮೂಲೇಲಿ ನಿಂತಿರೋದು ಮೇಯ್ತಾ ಇಲ್ಲ. ಬಂಡೆ ಕಡೇನೇ ಮಕ ಮಾಡ್ಕಂಡೈತೆ. ಅದ್ರ ಮರಿ ಬಂದಿಲ್ಲ ಕಣ್ಲೇ.” ಬಂಡೆಯ ಹಿಂದೆ ಒತ್ತಿದೆ. ಮರಿ ಸಿಕ್ಕಿತು. ನಾನು ಎಣಿಸಿದ್ದರೆ ಹತ್ತು ಸಲ ಎಣಿಸಿ ಹತ್ತು ಸಲ ತಪ್ಪುತ್ತಿದ್ದೆ. ಪಕ್ಕದಲ್ಲಿ ಮೂಗು ಮುಚ್ಚಿಕೊಂಡಿದ್ದ ಹುಡುಗರು ಕೂಡ ಎದ್ದು ಬಂದು ನೋಡಿದರು. ಇಂಥವಳನ್ನು ಓದುಬರಹ ಬಾರದವಳು ಅಂತಾರಲ್ಲ, ಅವರ ಮುಖಕ್ಕಿಷ್ಟು ಬೆಂಕಿ ಹಾಕ.

ಹೀಗೆ ಮೂರು ತಿಂಗಳಿಗೆ ಆಟದ ಕೊನೆಗೆ ಬಂದೆವು. ಮತ್ತೆ ಅದೇ ನದಿ. ಆಚೆ ದಡದಲ್ಲಿ ಹುಡುಗಿಯ ಮನೆಯ ದೀಪ ಕಾಣುತ್ತಿದೆ. ಈಚೆ ದಡದಲ್ಲಿ ಒಂದು ದೋಣಿ, ಅದಕ್ಕೆ ಸರಪಳಿ, ಸರಪಳಿಗೆ ಬೀಗ. ಬೀಗದ ಕೈ ಅಲ್ಲೇ ಮರದ ಕೆಳಗೆ ಮಲಗಿರುವ ಅಂಬಿಗನ ಸೊಂಟದಲ್ಲಿ. ‘ಮಾತಾಡು’ ಒತ್ತಿದರೆ ‘ಅವನು ನಿದ್ದೆ ಮಾಡುತ್ತಿದ್ದಾನೆ’ ಅಂತ ಬರುತ್ತದೆ. ಉಳಿದದ್ದು ‘ತಗೋ’ ಒಂದೇ. ಒಂದೇ ಒಂದು ಒತ್ತು, ಹುಡುಗಿ ಮನೆ ಸೇರುತ್ತಾಳೆ.

“ಮಲಗಿರೋನ ಸೊಂಟಕ್ ಕೈ ಆಕೋದಾ? ಥೂ!” ಅಂದಳು ಅಜ್ಜಿ.

“ಬೇರೆ ದಾರಿನೇ ಇಲ್ಲ ಅಜ್ಜಿ.”

“ಐತೆ. ಏಳೋ ತನಕ ಕಾಯೋದು.”

ಅವಳು ಇದನ್ನು ಸುಮ್ಮನೆ ಹೇಳಲಿಲ್ಲ. ಮದುವೆಯಾದ ಹೊಸದರಲ್ಲಿ ಮಳೆ ಕೈಕೊಟ್ಟಾಗಲೆಲ್ಲ ಅವಳೂ ತಾತನೂ ಕುರಿ ಹೊಡೆದುಕೊಂಡು ಹೊಗೇನಕಲ್ಲಿನ ಹತ್ತಿರ ಕಾವೇರಿ ದಾಟುತ್ತಿದ್ದರಂತೆ. ಹರಿಗೋಲಿನವನು ಉಂಡು ಮಲಗಿದ್ದರೆ ಎಬ್ಬಿಸುವ ಹಾಗಿಲ್ಲ, ಅವನ ಹುಟ್ಟು ಮುಟ್ಟುವ ಹಾಗೂ ಇಲ್ಲ. ಅವನು ಕಣ್ಣು ಬಿಟ್ಟರೆ ಕಾಣುವಂಥ ಜಾಗದಲ್ಲಿ ಕುರಿ ಮಲಗಿಸಿಕೊಂಡು ಕೂರಬೇಕು. ಅವನಾಗಿ ಎದ್ದು, “ಬಂದು ಎಷ್ಟೊತ್ತಾಯ್ತು?” ಅಂತ ಕೇಳಬೇಕು. ಆಮೇಲೆ ದಾಟುವುದು. ಒಮ್ಮೆ ಅರ್ಧ ದಿನ ಕೂತಿದ್ದರಂತೆ. “ನೀರಿನ ಮೇಲೆ ನಮ್ ಜೀವ ಅವ್ನ ಕೈಲಿರ್ತದೆ. ಅವ್ನ ನಿದ್ದೆ ಕೆಡ್ಸಿ ದೋಣಿ ಅತ್ತೋದಾ?” ಅಂದಳು. ಕಾದೆವು.

ಮೊದಲ ದಿನ ಇಪ್ಪತ್ತು ನಿಮಿಷ. ಎರಡನೆಯ ದಿನ ಟೈಪಿಂಗ್ ಬಿಟ್ಟು ಬಂದ ಕೂಡಲೇ ಕಾಯಲು ಕೂತು ಪೂರ್ತಿ ಒಂದು ಗಂಟೆ. ಮೂರೂವರೆಯ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆಯೇ, ಹಾಗಾಗಿ ಏಳಲೇಬೇಕಿತ್ತು. ಸುಮ್ಮನೆ ಬಿಟ್ಟರೆ ಪರದೆಯ ಮೇಲೆ ಸ್ಕ್ರೀನ್‌ಸೇವರ್ ಬಂದುಬಿಡುತ್ತಿತ್ತು, ಅದಕ್ಕೆ ನಾನು ಐದು ನಿಮಿಷಕ್ಕೊಮ್ಮೆ ಮರದ ಮೇಲೋ ಕಲ್ಲಿನ ಮೇಲೋ ಒಂದು ಸಲ ಒತ್ತುತ್ತಿದ್ದೆ. ಒತ್ತಿದಾಗಲೆಲ್ಲ ಅಂಬಿಗ ಮಗ್ಗುಲು ಬದಲಾಯಿಸುತ್ತಿದ್ದ. ಇನ್ನೇನು ಏಳುತ್ತಾನೆ ಅಂತ ನನಗೆ ಹುರುಪು. ಅಜ್ಜಿ ಮಾತ್ರ ಬೈಯುತ್ತಿದ್ದಳು: “ಸುಮ್ನಿರ್ಲೇ, ಕೈ ಆಡಿಸ್ಬೇಡ. ಮಲಗಿರೋರ್ ತಾವ ಸದ್ದು ಮಾಡ್ತಾರಾ?” ಅವಳಿಗೆ ಸ್ಕ್ರೀನ್‌ಸೇವರ್ ಅರ್ಥವಾಗದು ಅಂತ ನಾನು ನಕ್ಕೆ. ಕಲಿತವಳಲ್ಲವೇ ನಾನು.

ಮೂರನೆಯ ದಿನ ಕಾಯುತ್ತಾ ಕೂತಿದ್ದಾಗ ದೊಡ್ಡಪ್ಪ ಬಂದ. ಮಂಡಿಗೆ ಟೊಮೇಟೊ ತಂದವನು, ತಮ್ಮನ ಮಗಳು ಏನು ಕಲಿಯುತ್ತಾಳೆ ನೋಡೋಣ ಅಂತ ಮಹಡಿ ಹತ್ತಿದ್ದಾನೆ. ನೋಡಿದರೆ ನಾವಿಬ್ಬರೂ ಅಲುಗಾಡದೆ ಕೂತಿದ್ದೇವೆ. ಪರದೆಯ ಮೇಲೂ ಏನೂ ಅಲುಗಾಡುತ್ತಿಲ್ಲ.

“ಯಾರದು ಮಲಗಿರೋನು?” ಅಂದ.

“ಅಂಬಿಗ,” ಅಂದಳು ಅಜ್ಜಿ, ತಿರುಗದೆ.

“ನೀವೇನ್ ಮಾಡ್ತಾ ಇದೀರಾ?”

“ಕಾಯ್ತಾ ಇದೀವಿ.”

ಪಕ್ಕದ ಹುಡುಗನೊಬ್ಬ ಕಿಸಕ್ಕನೆ ನಕ್ಕು, ಗೇಮ್ ಅಂತ ಬಾಯಿಬಿಟ್ಟ. ದೊಡ್ಡಪ್ಪನ ಮುಖ ಕೆಂಪಾಯಿತು. “ಇದನ್ನಾ ಕಲ್ಸೋದು ನೀನು?” ಅಂತ ಮಾವನ ಮೇಲೆ ಹಾಯ್ದ. ನನ್ನ ಕಡೆ ತಿರುಗಿ, “ಎದ್ದೇಳ್ಲೇ. ಸಾಕು. ನಾಳೆಯಿಂದ ಕುರಿ ಹಿಂದೆ ಓಗು,” ಅಂದ. ಅಲ್ಲಿಂದ ಎದ್ದರೆ ಮತ್ತೆ ಆ ಕುರ್ಚಿಯಲ್ಲಿ ಕೂರುವುದಿಲ್ಲ ಅಂತ ನನಗೆ ಗೊತ್ತಿತ್ತು. ನನ್ನ ಓರಗೆಯವರಿಗೆಲ್ಲ ಗಂಡು ನೋಡಿಯಾಗಿತ್ತು.

“ಕೂತ್ಕಳ್ಲೇ,” ಅಂದಳು ಅಜ್ಜಿ ನನಗೆ. ಆಮೇಲೆ ಸ್ಟೂಲಿನ ಮೇಲೆಯೇ ಮಗನ ಕಡೆ ತಿರುಗಿದಳು. “ಉಡ್ಗೀನ್ಯಾಕೆ ಬೈತೀಯ? ಆಡಿದ್ದು ನಾನು. ಅವ್ಳು ಇಂಗ್ಲೀಸು ಓದಿ ಏಳ್ದ್ಲು, ಅಷ್ಟೇಯ.”

“ಈ ವಯಸ್ನಲ್ಲಿ ನಿಂಗೆ ಆಟನಾ ಅವ್ವ? ನೋಡ್ದೋರು ಏನಂತಾರೆ?”

“ಉಟ್ಟಿದಾಗ್ಲಿಂದ ಕುರಿ ಹಿಂದೆ ತಿರುಗ್ದೆ. ಆಡೋ ವಯಸ್ನಲ್ಲಿ ಒಬ್ರೂ ಆಡು ಅನ್ನಲಿಲ್ಲ. ಈಗ ಆಡ್ತೀನಿ. ಏನಿವಾಗ?”

ದೊಡ್ಡಪ್ಪ ಕೆಟ್ಟವನಲ್ಲ, ಹತ್ತು ಜನರ ಮುಂದೆ ಸೋಲಲಾರ, ಅಷ್ಟೆ. ಕೊನೆಗೆ ಹೇಳಿದ: “ಪಾಠ ಇರ್ಬೇಕು, ಇಲ್ಲ ಆಟ ಇರ್ಬೇಕು. ಎಲ್ಡೂ ಆಗಾಕಿಲ್ಲ. ಯಾವ್ದು ಬೇಕು, ನೀನೇ ಏಳವ್ವ.”

ಅಜ್ಜಿ ಪರದೆಯ ಕಡೆ ನೋಡಿದಳು. ಆಚೆ ದಡದ ದೀಪ ಮಿಣುಕುತ್ತಿತ್ತು. ಮೂರು ತಿಂಗಳು, ಬಿಸಿಲಿನಲ್ಲಿ ಬಸ್ಸು ಹತ್ತಿ ಇಳಿದು, ಕೇಳಿ ಕೇಳಿ, ಮಾತಾಡಿಸಿ ಮಾತಾಡಿಸಿ ಆ ಹುಡುಗಿಯನ್ನು ಇಲ್ಲಿಯವರೆಗೆ ತಂದವಳು ಅವಳು.

“ಪಾಠ ಇರ್ಲಿ,” ಅಂದಳು.

ಮಾವ ಸಿ.ಡಿ. ತೆಗೆದ. ದೊಡ್ಡಪ್ಪ ಎದುರಿಗೆ ನಿಂತು ಅದರ ಮೇಲೆ ಬರೆಸಿದ್ದು ಆಗಲೇ. ಪರದೆ ಕಪ್ಪಾಗುವ ಮೊದಲು ಅಜ್ಜಿ ಎದ್ದು ಕಂಬಳಿ ಸರಿಮಾಡಿಕೊಂಡು, “ಮಲಕ್ಕಳಪ್ಪ. ನಾವ್ ಓಗ್ ಬತ್ತೀವಿ,” ಅಂತ ಆ ಅಂಬಿಗನಿಗೆ ಹೇಳಿದಳು. ನಾನು ಬಸ್ಸಿನಲ್ಲಿ ಉದ್ದಕ್ಕೂ ಅತ್ತೆ. ಅವಳು ಕಿಟಕಿಯಾಚೆ ನೋಡುತ್ತಾ ಕೂತಿದ್ದಳು.

ಅದಾದ ಮೇಲೂ ಎಂಟು ತಿಂಗಳು ನನ್ನ ಜೊತೆ ಬಂದಳು. ಅದೇ ಸ್ಟೂಲಿನ ಮೇಲೆ ಕೂತು ನಾನು ಕಲಿಯುವುದನ್ನು ನೋಡಿದಳು. ಇವತ್ತು ಈ ಅಂಗಡಿ ನಡೆಯುತ್ತಿದೆ, ನನ್ನ ಕಾಲ ಮೇಲೆ ನಾನು ನಿಂತಿದ್ದೇನೆ ಅಂದರೆ ಅವಳು ಆ ದಿನ ಹೇಳಿದ ಎರಡು ಪದದಿಂದ. ಆದರೆ ಆಗಾಗ, ಏನೋ ಕೆಲಸದ ನಡುವೆ, ಕುರಿ ಹಾಲು ಹಿಂಡುವಾಗಲೋ ಬಸ್ಸಿಗೆ ಕಾಯುವಾಗಲೋ ಕೇಳಿಬಿಡುತ್ತಿದ್ದಳು: “ಆಯಪ್ಪ ಎದ್ನಾ?” ನನ್ನ ಮದುವೆಯ ದಿನ ಅರಿಸಿನ ಹಚ್ಚುವಾಗ ಕಿವಿಯಲ್ಲಿ ಕೇಳಿದಳು. ಕೊನೆಗೆ ಹಾಸಿಗೆ ಹಿಡಿದಾಗ ನೋಡಲು ಹೋದೆ. ಮನೆ ತುಂಬ ಜನ. ನನ್ನನ್ನು ಗುರುತು ಹಿಡಿದು, ಹತ್ತಿರ ಕರೆದು, ಅದನ್ನೇ ಕೇಳಿದಳು. “ಇನ್ನೂ ಇಲ್ಲ ಅಜ್ಜಿ,” ಅಂದೆ. “ಏಳ್ತಾನೆ ಬಿಡು. ಎಷ್ಟೊತ್ತು ಮಲಗ್ತಾನೆ,” ಅಂದಳು. ಸುತ್ತ ಇದ್ದವರು ಅಜ್ಜಿಗೆ ಬುದ್ಧಿ ಸ್ಥಿಮಿತ ತಪ್ಪಿದೆ ಅಂದುಕೊಂಡರು. ಅವರಿಗೆ ಹೇಳುವ ಗೋಜಿಗೆ ನಾನು ಹೋಗಲಿಲ್ಲ.

ಮಾವ ಸೇಲಂಗೆ ಹೋಗಿ ನೆಲೆಸಿದ. ಸಿ.ಡಿ. ಎಲ್ಲೋ ಹೋಯಿತು ಅಂದ. ನಕಲು ಸಿ.ಡಿ.ಯಾದ್ದರಿಂದ ಆಟದ ಹೆಸರೂ ನನಗೆ ನೆನಪಿರಲಿಲ್ಲ, ಇಂಟರ್ನೆಟ್ಟಿನಲ್ಲಿ ಹುಡುಕುವುದೆಂದರೆ ಏನಂತ ಹುಡುಕುವುದು? ಆ ಹೊತ್ತಿನಲ್ಲಿ ಇತರ ಆಟಗಳನ್ನು ಹಿಡಿದೆ. ಮೂವತ್ತು ದಾಟಿದ ಮೇಲೆ, ಆನೇಕಲ್ಲಿನ ನೆಂಟರಿಂದ ಒಂದನೇ ಕ್ಲಾಸಿನ ಪುಸ್ತಕ ತರಿಸಿಕೊಂಡು ಕನ್ನಡ ಅಕ್ಷರವನ್ನೂ ಕಲಿತೆ. ಈ ವಯಸ್ಸಿನಲ್ಲಿ ಅ ಆ ಇ ಈನಾ ಅಂತ ಕೇಳಿದವರಿಗೂ ಅದೇ ಉತ್ತರ ಕೊಟ್ಟೆ. ಈ ಬರಹದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈಗ ಮಾವ ಸೇಲಂನ ಸೆಂಟರನ್ನೂ ಮುಚ್ಚಿ, ಬೀರು ಖಾಲಿ ಮಾಡಿ, ಈ ಪೆಟ್ಟಿಗೆ ಕಳಿಸಿದ್ದಾನೆ. ಹೊಸ ಕಂಪ್ಯೂಟರು ಹಳೇ ಆಟವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅದಕ್ಕೆ ಬೇರೆ ಒಂದು ಪ್ರೋಗ್ರಾಂ ಹಾಕಿ ಪುಸಲಾಯಿಸಬೇಕು. ಪುಸಲಾಯಿಸಿದೆ. ನಾಲ್ಕು ಮಧ್ಯಾಹ್ನ ಆಡಿದೆ, ಅಜ್ಜಿಯ ಕಾಯಿದೆಯಂತೆಯೇ. ತೇನ್‌ಮೊಳಿ ಮೊದಲ ದಿನ ಚೌಕ ಚೌಕ ಕಾಣುವ ಆ ಚಿತ್ರ ನೋಡಿ ನಕ್ಕಳು. ಎರಡನೆಯ ದಿನ ಕುರ್ಚಿ ಎಳೆದುಕೊಂಡಳು. ನಿನ್ನೆ ಅಂಬಿಗನ ಹತ್ತಿರ ಬಂದು ನಾನು ಕೈ ತೆಗೆದು ಕೂತಾಗ ಅವಳು ಫೋನಿನಲ್ಲಿ ಹುಡುಕಿ, ಯಾರೋ ಬರೆದಿಟ್ಟಿದ್ದ ಆಟದ ದಾರಿಯನ್ನು ಓದಿದಳು. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ಬೀಗದ ಕೈ ತಗೊಳ್ಳಿ, ಬೇರೆ ದಾರಿ ಇಲ್ಲ.

“ಎಡುತ್ತುಕ್ಕೋ ಮಾ. ಗೇಮ್ ದಾನೇ!” ತಗೋ ಅಮ್ಮ, ಗೇಮ್ ತಾನೇ ಅಂತ.

“ತಗಳಾಕಿಲ್ಲ.”

ಯಾಕೆ ಅಂತ ಕೇಳಿದಳು. ಹೇಳಿದೆ. ಇಷ್ಟು ದಿನ ಅವಳಿಗೆ ಹೇಳಿರಲಿಲ್ಲ, ಯಾಕೋ ಗೊತ್ತಿಲ್ಲ. ನಿಮಗೆ ಹೇಳಿದ್ದನ್ನೆಲ್ಲ ಹೇಳಿದೆ, ಕಂಬಳಿಯ ವಾಸನೆ, ಸ್ಟೂಲು, ‘ಪಾಠ ಇರ್ಲಿ.’ ಅವಳು ಮೌಸಿನ ಮೇಲಿದ್ದ ಕೈಯನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡಳು. ಅಷ್ಟರಲ್ಲಿ ಮಾರಂಡಹಳ್ಳಿ ಕಡೆಯ ಒಬ್ಬಳು ಅಜ್ಜಿ ಪಿಂಚಣಿ ಅರ್ಜಿ ಹಿಡಿದು ಬಂದಳು. “ಆ ಕಂಪ್ಯೂಟರ್ ಮುಟ್ಟಿದ್ರೆ ನೋಡು,” ಅಂತ ಮಗಳಿಗೆ ಹೇಳಿ, ಇನ್ನೊಂದರಲ್ಲಿ ಅರ್ಜಿ ತುಂಬಲು ಕೂತೆ. ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಫೋಟೋ ಹಿಡಿಸುವುದಿಲ್ಲ. ಓ.ಟಿ.ಪಿ. ಬರುವುದಿಲ್ಲ. ಒಂದೂಕಾಲು ಗಂಟೆ ಆಯಿತು, ಆಟದ ಕಡೆ ನಾನು ತಿರುಗಿಯೂ ನೋಡಲಿಲ್ಲ.

“ಅಮ್ಮಾ! ಆಯಪ್ಪ ಎದ್ದವ್ನೆ!”

ತೇನ್‌ಮೊಳಿ ಕುರ್ಚಿಯಿಂದ ಎದ್ದು ನಿಂತಿದ್ದಳು. ಬಾಯಿಂದ ಬಂದದ್ದು ಯಾವ ಭಾಷೆ ಅಂತ ಅವಳಿಗೇ ಗೊತ್ತಿದ್ದ ಹಾಗಿರಲಿಲ್ಲ. ನಾನು ಓಡಿದೆ. ಅಂಬಿಗ ಮರಕ್ಕೆ ಒರಗಿ ಕೂತು ಕಣ್ಣುಜ್ಜುತ್ತಿದ್ದ. ಅವನ ತಲೆಯ ಮೇಲೆ ಒಂದು ಸಾಲು ಮೂಡಿತ್ತು. ಬಂದು ಬಹಳ ಹೊತ್ತಾಯಿತೇ, ಅಂತ.

ರಾತ್ರಿ ಮಲಗಿದ ಮೇಲೆ ನನಗೆ ಹೊಳೆಯಿತು. ಯಾರೂ ಏನನ್ನೂ ಒತ್ತದೆ ಒಂದು ಗಂಟೆಗೂ ಹೆಚ್ಚು ಬಿಟ್ಟರೆ ಅವನು ಏಳುತ್ತಾನೆ. ನಡುವೆ ಒತ್ತಿದರೆ ಮಗ್ಗುಲು ಬದಲಾಯಿಸಿ ಮತ್ತೆ ಮೊದಲಿನಿಂದ ನಿದ್ದೆ. ಅಷ್ಟು ದಿನ ಅವನನ್ನು ಮಲಗಿಸಿದವಳು ನಾನು, ಸ್ಕ್ರೀನ್‌ಸೇವರಿಗೆ ಹೆದರಿ ಐದು ನಿಮಿಷಕ್ಕೊಮ್ಮೆ ಕೈ ಆಡಿಸುತ್ತಿದ್ದ ಕಲಿತವಳು. ಸದ್ದು ಮಾಡಬೇಡ ಅಂದವಳು ಸರಿಯಾಗಿಯೇ ಹೇಳಿದ್ದಳು. ಈ ಆಟ ಮಾಡಿದ ಯಾರೋ ಪುಣ್ಯಾತ್ಮ, ಎಲ್ಲಿಯವನೋ, ಕಾಯುವವರು ಒಬ್ಬರಾದರೂ ಬಂದಾರು ಅಂತ ಇದನ್ನು ಇಟ್ಟು ಹೋಗಿದ್ದಾನೆ. ಬೇರೆ ದಾರಿ ಇಲ್ಲ ಅಂತ ಬರೆದಿಟ್ಟವರ ಪುಟದ ಕೆಳಗೆ ಇವತ್ತು ಬೆಳಿಗ್ಗೆ ಮಗಳ ಕೈಯಲ್ಲಿ ಇಂಗ್ಲಿಷಿನಲ್ಲೇ ಬರೆಸಿದ್ದೇನೆ: ಇದೆ, ಪಾಲಕೋಡಿನವರಿಗೆ ಗೊತ್ತು.

ನಿನ್ನೆ ಆ ಹೊತ್ತಿನಲ್ಲಿ ಮಾತ್ರ ಅದೊಂದೂ ತೋಚಲಿಲ್ಲ. “ಎದ್ದ ಅಜ್ಜಿ,” ಅಂತ ಅಂಗಡಿ ತುಂಬ ಕೇಳುವ ಹಾಗೆ ಕೂಗಿಬಿಟ್ಟೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸುರಿಯಲಿ ಅಂತ ಬಿಟ್ಟೆ.

ಪಿಂಚಣಿ ಅರ್ಜಿಯ ಅಜ್ಜಿ ತನ್ನನ್ನೇ ಕರೆದದ್ದು ಅಂದುಕೊಂಡು ಎದ್ದು ಬಂದಳು. “ಯಾರವ್ವ ಎದ್ದಿದ್ದು?” ಅಂದಳು. ಅವಳೂ ನಮ್ಮ ಕಡೆಯವಳೇ, ಇಷ್ಟು ಹೊತ್ತು ತಮಿಳಿನಲ್ಲಿ ಮಾತಾಡುತ್ತಿದ್ದವಳು. ತೇನ್‌ಮೊಳಿ ತನ್ನ ಕುರ್ಚಿಯನ್ನು ಅವಳಿಗೆ ಕೊಟ್ಟು, ಪಕ್ಕದಲ್ಲಿ ನಿಂತು, ಪರದೆಗೆ ಬೆರಳು ತೋರಿಸಿ, ಅಜ್ಜಿಗೆ ತಮಿಳಿನ ‘ಪಾಟ್ಟಿ’ಯನ್ನೇ ಇಟ್ಟುಕೊಂಡು, ಉಳಿದದ್ದಕ್ಕೆ ಒಂದೊಂದೇ ಪದ ಹುಡುಕಿ ಹುಡುಕಿ ಹೇಳತೊಡಗಿದಳು.

“ಇವ್ಳು ಉಡ್ಗಿ, ಪಾಟ್ಟಿ. ಮನೆ ಅಲ್ಲೈತೆ, ಆ ಕಡೆ. ಇವ್ಳು ಮನೆಗೆ ಓಗ್ಬೇಕು.”

“ಓಗ್ಲಿ ಮತ್ತೆ. ಆಯಪ್ಪನ್ನ ಕೇಳಿದ್ರಾ?”

“ಈಗ ಕೇಳ್ತೀವಿ,” ಅಂದಳು ನನ್ನ ಮಗಳು, ಮೌಸ್ ಹಿಡಿದು.

ಅತ್ತ ಆ ಅಜ್ಜಿಯ ಫೋನಿಗೆ ಓ.ಟಿ.ಪಿ. ಬಂದು ಹೋಯಿತು. ನಾವು ಮೂವರೂ ನೋಡಲಿಲ್ಲ, ದೋಣಿ ಆಚೆ ದಡ ಮುಟ್ಟುವ ತನಕ.